ಫೋನಿಗೊಂದು ಬಣ್ಣ

ಬೆಂಗಳೂರಿನ ರಾಜಗೋಪಾಲನಗರದ ಶೆಡ್ಡುಗಳಲ್ಲಿ ಕೂತು ಫೋನಿನಲ್ಲಿ ಮಾತಾಡುವವರು ಕಡಿಮೆ. ಲೇತ್ ಹತ್ತಿರ ಶುರುವಾದ ಕರೆ ಪ್ಯಾಕಿಂಗ್ ದಾಟಿ, ಲಾರಿ ನಿಂತಿರುವ ಗೇಟಿನವರೆಗೂ ಹೋಗಬೇಕು. ಇಂಥ ಕಡೆ ವೈಫೈ ಐಪಿ ಫೋನ್ ಹಾಕಿಸಿ ಸಬ್‌ನೆಟ್ ಎಂಬ ವಿಳಾಸದ ಗುಂಪುಗಳನ್ನು ಹೇಗೆ ಬೇಕೋ ಹಾಗೆ ಹಂಚಿದರೆ, ನಿಂತಾಗ ಕೇಳುವ ಧ್ವನಿ ನಡೆದಾಗ ಕಟ್ಟಾಗುತ್ತದೆ. ಒಳಗಿನ ಆ್ಯಕ್ಸೆಸ್ ಪಾಯಿಂಟ್ ಒಂದು ಸಬ್‌ನೆಟ್‌ನಲ್ಲಿ, ಗೇಟಿನದು ಇನ್ನೊಂದರಲ್ಲಿ. ದಾಟಿದೊಡನೆ ಫೋನಿನ ಐಪಿ ವಿಳಾಸವೇ ಬದಲು. ಆಚೆಯವರ ಮಾತು ಮಾತ್ರ ಹಳೇ ವಿಳಾಸಕ್ಕೇ ಹೋಗುತ್ತಿರುತ್ತದೆ.

ಫೋನುಗಳಿಗೇ ಪ್ರತ್ಯೇಕ ವಿಎಲ್ಯಾನ್ (ಅದೇ ತಂತಿಯಲ್ಲಿ ಬೇರೆಯದೇ ಜಾಲ), ಶೆಡ್ಡಿಗೆಲ್ಲ ಅದರ ಒಂದೇ ಸಬ್‌ನೆಟ್ ಎಂದು ನೆಟ್‌ವರ್ಕ್ ಹುಡುಗರು ಹೇಳಿದರೆ, ಬಿಲ್ಲು ಬೆಳೆಸುವ ಹುನ್ನಾರ ಅಂತ ಮಾಲೀಕರಿಗೆ ಅನಿಸೀತು. ಕಂಪ್ಯೂಟರಿಗೆ ಕಟ್ಟಿದ ಜಾಲದಲ್ಲಿ ಫೋನಿನದೇನು ದರ್ಬಾರು? ಕತೆ ಉಲ್ಟಾ. ವಿಎಲ್ಯಾನ್ ಹುಟ್ಟಿದ್ದೇ ಫೋನಿನ ದೆಸೆಯಿಂದ.

1980ರ ದಶಕದ ಆರಂಭದಲ್ಲಿ ಡೇವಿಡ್ ಸಿಂಕೋಸ್ಕಿ ಎಂಬ ಅಮೆರಿಕದ ಎಂಜಿನಿಯರ್ ಈಥರ್ನೆಟ್ ಮೇಲೆ ಧ್ವನಿ ಕಳಿಸಿ ನೋಡಿದರು. ಹೋಯಿತು. ತಂತಿ ಸೆಕೆಂಡಿಗೆ 10 ಮೆಗಾಬಿಟ್ ಹೊರುತ್ತಿತ್ತು. ಡಿಜಿಟಲ್ ಟೆಲಿಫೋನಿನಲ್ಲಿ ಒಂದು ಕಡೆಯ ಮಾತಿಗೆ ಬೇಕಿದ್ದದ್ದು 64 ಕಿಲೋಬಿಟ್. ಹಾಗಾದರೆ ದೊಡ್ಡ ಟೆಲಿಫೋನ್ ಜಾಲವನ್ನೇ ಇದರಲ್ಲಿ ಕಟ್ಟಬಹುದಲ್ಲ?

ತೊಡಕು ಜೋಡಣೆಯಲ್ಲಿತ್ತು. ಈಥರ್ನೆಟ್‌ಗಳನ್ನು ಬ್ರಿಡ್ಜ್ ಹಾಕಿ ಬೆಸೆದಾಗ ಸಂದೇಶಗಳು ಗಿರಗಿರ ಸುತ್ತದಂತೆ ಕೆಲವು ದಾರಿ ಮುಚ್ಚಿ, ಜಾಲವನ್ನು ಮರದ ಆಕಾರಕ್ಕೆ ತರಬೇಕು. ಆಗ ಬುಡದ ಹತ್ತಿರ ಸಂಜೆಯ ಜಾಲಹಳ್ಳಿ ಕ್ರಾಸಿನಂತೆ ದಟ್ಟಣೆ. ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನಲ್ಲಿ ಸಿಂಕೋಸ್ಕಿ ಮತ್ತು ಚೇಸ್ ಕಾಟನ್ ಕೇಳಿಕೊಂಡದ್ದು ಇಷ್ಟು: ಮರ ಒಂದೇ ಯಾಕಿರಬೇಕು? ಹಲವಿರಲಿ, ಬುಡಗಳು ಬೇರೆ ಬೇರೆ ಕಡೆ ಇರಲಿ. ಯಾವ ಪ್ಯಾಕೆಟ್ ಯಾವ ಮರದ್ದೆಂದು ತಿಳಿಯಲು ಅದಕ್ಕೊಂದು ಗುರುತು ಅಂಟಿಸಿ, ಅದನ್ನು ‘ಬಣ್ಣ’ ಎಂದು ಕರೆದರು. 1988ರಲ್ಲಿ ಪ್ರಬಂಧ ಪ್ರಕಟವಾಯಿತು. 1998ರ ಐಇಇಇ 802.1ಕ್ಯೂ ಮಾನಕದಲ್ಲಿ ಆ ಗುರುತು 12 ಬಿಟ್‌ಗಳ ವಿಎಲ್ಯಾನ್ ಸಂಖ್ಯೆಯಾಗಿ ಕೂತಿತು. ಬಣ್ಣ ಎಂಬ ಹೆಸರೇ ಚೆನ್ನಾಗಿತ್ತು.

ಸಬ್‌ನೆಟ್ ಹುಟ್ಟಿದ್ದು ಬೇರೆ ಕಡೆ: ಸ್ಟ್ಯಾನ್‌ಫರ್ಡ್‌ನ ಜೆಫ್ರಿ ಮೊಗಲ್ 1984ರಲ್ಲಿ ಮುಂದಿಟ್ಟ ಯೋಚನೆ, 1985ಕ್ಕೆ ಮಾನಕ. ಈಗ ಎರಡನ್ನೂ ಜೋಡಿಸಿಯೇ ಕಟ್ಟುತ್ತಾರೆ, ಬಣ್ಣಕ್ಕೊಂದು ಸಬ್‌ನೆಟ್. ಸ್ಲ್ಯಾಶ್ 24 ತೆಗೆದುಕೊಂಡರೆ 254 ವಿಳಾಸ, ಶೆಡ್ಡಿಗೆ ಧಾರಾಳ. ಮಾತಾಡುವ ಫೋನು ಸಾಮಾನ್ಯವಾಗಿ ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತದೆ, ಒಂದೂ ತಡವಾಗಬಾರದು. ಹಾಗಾಗಿ ಸ್ವಿಚ್ಚಿನಲ್ಲಿ ಆ ಬಣ್ಣಕ್ಕೇ ಮೊದಲ ಸರದಿ, ಒಳಗಿನಿಂದ ಗೇಟಿನವರೆಗೆ ಎಲ್ಲ ಆ್ಯಕ್ಸೆಸ್ ಪಾಯಿಂಟಿಗೂ ಅದೇ ಬಣ್ಣ. ಸಿಸಿಟಿವಿ ಕ್ಯಾಮೆರಾಗಳನ್ನು ಮಾತ್ರ ಅದರೊಳಕ್ಕೆ ಬಿಟ್ಟುಕೊಳ್ಳಬಾರದು.