ಉದ್ರಿ ಬಾಕಿಗೆ ಮೂರು ವರ್ಷದ ಕಾಲಮಿತಿ

ಉದ್ರಿ ವ್ಯಾಪಾರದಲ್ಲಿ ಗಿರಾಕಿಯ ಬಾಕಿಯನ್ನು ವರ್ಷದಿಂದ ವರ್ಷಕ್ಕೆ ಹೊಸ ಖಾತೆಪುಸ್ತಕಕ್ಕೆ ಒಯ್ಯುವುದು ವರ್ತಕರ ರೂಢಿ. ಪುಸ್ತಕದಲ್ಲಿರುವವರೆಗೆ ಹಣಕ್ಕೆ ಮೋಸವಿಲ್ಲವೆಂಬ ನಂಬಿಕೆಯೂ ವ್ಯಾಪಕವಾಗಿದೆ. ಆದರೆ ಅಢಾವೆ ಪತ್ರಿಕೆಯಲ್ಲಿ ಆಸ್ತಿಯಾಗಿ ಕಾಣುವ ಈ ಮೊತ್ತಕ್ಕಾಗಿ ದಾವೆ ಹೂಡಲು 1963ರ ಕಾಲಮಿತಿ ಅಧಿನಿಯಮವು ಕೇವಲ ಮೂರು ವರ್ಷಗಳ ಅವಕಾಶ ನೀಡುತ್ತದೆ.

ಪಾವತಿಗೆ ಗಡುವು ಗೊತ್ತುಪಡಿಸದೆ ಸರಕು ಮಾರಿದ್ದರೆ ಅವಧಿಯು ಸರಕು ಒಪ್ಪಿಸಿದ ದಿನದಿಂದಲೂ, ಗಡುವು ಇದ್ದರೆ ಅದು ಮುಗಿದ ದಿನದಿಂದಲೂ ಆರಂಭವಾಗುತ್ತದೆ. ಖಾತೆ ಚಾಲ್ತಿಯಲ್ಲಿದೆ ಎಂಬ ಮಾತ್ರಕ್ಕೆ ಹಳೆಯ ಬಿಲ್ಲುಗಳ ಅವಧಿ ಬೆಳೆಯುವುದಿಲ್ಲ. ಇಬ್ಬರೂ ಪರಸ್ಪರರಿಗೆ ಸರಕು ಮಾರುವಂತಹ ಕೊಡು-ಕೊಳ್ಳುವ ಖಾತೆಗಳಿಗೆ ಮಾತ್ರ ಬೇರೆ ನಿಯಮವಿದೆ.

ಅವಧಿಯನ್ನು ಹೊಸದಾಗಿ ಆರಂಭಿಸುವ ಮಾರ್ಗವನ್ನು ಅಧಿನಿಯಮದ 18ನೆಯ ಕಲಮು ತೋರಿಸುತ್ತದೆ. ಅವಧಿ ಮುಗಿಯುವ ಮೊದಲೇ ಸಾಲಗಾರನು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ, ಸಹಿಯ ದಿನದಿಂದ ಮತ್ತೆ ಮೂರು ವರ್ಷ ದೊರೆಯುತ್ತದೆ. ಬಾಯಿಮಾತಿನ ಒಪ್ಪಿಗೆ ಎಷ್ಟು ಪ್ರಾಮಾಣಿಕವಾಗಿದ್ದರೂ ಇಲ್ಲಿ ಲೆಕ್ಕಕ್ಕಿಲ್ಲ. ಉದಾಹರಣೆಗೆ, 2022ರ ಜೂನ್ 10ರಂದು ಗಡುವಿಲ್ಲದೆ ಒಪ್ಪಿಸಿದ ಎರಡು ಲಕ್ಷ ರೂಪಾಯಿಯ ಸರಕಿಗೆ 2025ರ ಜೂನ್ 10ರವರೆಗೆ ದಾವೆ ಹೂಡಬಹುದಿತ್ತು. ಖರೀದಿದಾರನು 2024ರ ಮಾರ್ಚ್ 31ರಂದು ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಹಾಕಿದ್ದರೆ ಅವಧಿ 2027ರ ಮಾರ್ಚ್ 31ರವರೆಗೆ ವಿಸ್ತರಿಸುತ್ತದೆ. ಅದೇ ಸಹಿಯನ್ನು 2025ರ ಆಗಸ್ಟ್‌ನಲ್ಲಿ ಪಡೆದಿದ್ದರೆ ಈ ಕಲಮಿನಡಿ ಪ್ರಯೋಜನವಿಲ್ಲ. ಆಗ 1872ರ ಕರಾರು ಅಧಿನಿಯಮದ 25ನೆಯ ಕಲಮಿನಂತೆ, ಹಣ ಕೊಡುವೆನೆಂಬ ಸ್ಪಷ್ಟ ವಾಗ್ದಾನವೇ ಲಿಖಿತವಾಗಿ, ಸಹಿಯೊಡನೆ ಇರಬೇಕಾಗುತ್ತದೆ. ಅಂತಹ ಪತ್ರವನ್ನು ಎಷ್ಟು ಮಂದಿ ಬರೆದುಕೊಟ್ಟಾರು?

ಅವಧಿಯೊಳಗೆ ಭಾಗಶಃ ಹಣ ಸಂದಾಯವಾದರೂ ಕಾಲ ಹೊಸದಾಗಿ ಆರಂಭವಾಗುತ್ತದೆ. ಆದರೆ ಸಂದಾಯದ ದಾಖಲೆ ಕೊಟ್ಟವನ ಕೈಬರಹದಲ್ಲಿರಬೇಕು ಇಲ್ಲವೇ ಅದಕ್ಕೆ ಆತನ ಸಹಿಯಿರಬೇಕು. ಚೆಕ್ಕಿನಲ್ಲಿ ಈ ಸಹಿ ತಾನಾಗಿಯೇ ದೊರೆಯುತ್ತದೆ. ನಗದು ಪಡೆದು ತನ್ನ ಕಿರ್ದಿಯಲ್ಲಿ ತಾನೇ ಜಮಾ ಬರೆದುಕೊಂಡವನಿಗೆ ದೊರೆಯುವುದಿಲ್ಲ.

ಖಾತೆಪುಸ್ತಕದ ನಮೂದು ಸಾಕ್ಷ್ಯವಾಗಬಲ್ಲದಾದರೂ ಅದೊಂದರಿಂದಲೇ ಇನ್ನೊಬ್ಬನ ಮೇಲೆ ಹೊಣೆ ಹೊರಿಸಲಾಗದು. ಹಳೆಯ ಸಾಕ್ಷ್ಯ ಅಧಿನಿಯಮದ ಈ ನಿಯಮವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಆದುದರಿಂದ ಸರಕು ಮುಟ್ಟಿದ ಸಹಿಯುಳ್ಳ ಡೆಲಿವರಿ ಚಲನ್, ಬಿಲ್ಲಿನ ಪ್ರತಿ ಮತ್ತು ಪತ್ರವ್ಯವಹಾರಗಳನ್ನು ಜೋಪಾನವಾಗಿಡಬೇಕು.

ಮಾರ್ಚ್ ಅಂತ್ಯದ ಲೆಕ್ಕ ಮುಗಿದೊಡನೆ ಪ್ರತಿ ಗಿರಾಕಿಗೂ ಬಾಕಿ ದೃಢೀಕರಣ ಪತ್ರ ಕಳುಹಿಸುವುದು ಉತ್ತಮ ಪದ್ಧತಿ. ಪತ್ರದಲ್ಲಿ ಬಿಲ್ಲುಗಳ ಸಂಖ್ಯೆ, ದಿನಾಂಕ, ಮೊತ್ತಗಳಿರಲಿ. ಸಹಿ ಮಾಲೀಕನದು ಅಥವಾ ಅಧಿಕಾರ ಪಡೆದವನದಾಗಿರಲಿ. ಅಂಗಡಿಯಲ್ಲಿ ಆ ಹೊತ್ತಿಗೆ ಕುಳಿತಿದ್ದ ಗುಮಾಸ್ತನ ಸಹಿ ಮುಂದೆ ತಕರಾರಿಗೆ ಎಡೆಕೊಡುತ್ತದೆ.

ಅವಧಿ ಮೀರಿದ ಮಾತ್ರಕ್ಕೆ ಸಾಲವೇ ಅಳಿದುಹೋಗುವುದಿಲ್ಲ. ದಾವೆಯ ದಾರಿಯಷ್ಟೇ ಮುಚ್ಚುತ್ತದೆ. ಬಳಿಕ ಗಿರಾಕಿಯು ಸ್ವಇಚ್ಛೆಯಿಂದ ಹಣ ಸಲ್ಲಿಸಿದರೆ ವರ್ತಕನು ಅದನ್ನು ಸ್ವೀಕರಿಸಬಹುದು, ಹಿಂದಿರುಗಿಸಬೇಕಾಗಿಲ್ಲ.