ಕುಟುಂಬ ನ್ಯಾಯಾಲಯ ಮತ್ತು ವಿಶೇಷ ಅಗತ್ಯವುಳ್ಳ ಮಗು

ಗಂಡ ಹೆಂಡತಿ ಬೇರೆಯಾದಾಗ ಮಗು ಯಾರ ಬಳಿ ಇರಬೇಕು ಎಂಬುದು ಯಾವ ಸಂಸಾರಕ್ಕಾದರೂ ಕಷ್ಟದ ಪ್ರಶ್ನೆ. ಆ ಮಗುವಿಗೆ ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಡೌನ್ ಸಿಂಡ್ರೋಮ್ ಇದ್ದರೆ ಪ್ರಶ್ನೆ ಮತ್ತಷ್ಟು ಜಟಿಲವಾಗುತ್ತದೆ. ಊಟ, ಔಷಧಿ, ಶಾಲೆ ಎಲ್ಲಕ್ಕೂ ದೊಡ್ಡವರನ್ನೇ ನೆಚ್ಚಿಕೊಂಡ ಆ ಮಗು, ತನಗೇನು ಬೇಕೆಂದು ನ್ಯಾಯಾಧೀಶರ ಎದುರು ಹೇಳಲಾರದೇ ಇರಬಹುದು. ಹಾಗಾದರೆ ನ್ಯಾಯಾಲಯ ಏನನ್ನು ನೋಡಿ ತೀರ್ಮಾನಿಸುತ್ತದೆ?

ಮೊದಲು ಒಂದು ವಿಜ್ಞಾನದ ಮಾತು. "ನಿಮ್ಮ ಕಡೆಯವರಿಂದಲೇ ಮಗು ಹೀಗಾಯಿತು" ಎಂಬ ಆರೋಪ ಇಂಥ ಜಗಳಗಳಲ್ಲಿ ಸುಲಭವಾಗಿ ನುಸುಳುತ್ತದೆ. ಡೌನ್ ಸಿಂಡ್ರೋಮಿಗೆ ಕಾರಣ 21ನೆಯ ವರ್ಣತಂತುವಿನ ಒಂದು ಹೆಚ್ಚುವರಿ ಪ್ರತಿ. ಬಹುಪಾಲು ಇದು ಜೀವಕೋಶ ವಿಭಜನೆಯಲ್ಲಿ ಆಕಸ್ಮಿಕವಾಗಿ ಆಗುವ ವ್ಯತ್ಯಾಸ. ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆ ಎಂಬ ಹಳೆಯ ವಾದವನ್ನು ವೈದ್ಯಶಾಸ್ತ್ರ ಎಂದೋ ಕೈಬಿಟ್ಟಿದೆ. ಯಾರದೂ ಅಲ್ಲದ ತಪ್ಪನ್ನು ಒಬ್ಬರ ತಲೆಗೆ ಕಟ್ಟಲು ಹೊರಟರೆ ಮಗುವಿಗೆ ಅದರಿಂದ ಏನೂ ದೊರೆಯುವುದಿಲ್ಲ.

ಕಾನೂನು ಏನು ಹೇಳುತ್ತದೆ?

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಮಗುವಿನ ಹಿತವನ್ನು ನೋಡಬೇಕೆನ್ನುತ್ತದೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆಯಂತೆ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದೂ ಅದು ಹೇಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಅಂಗವೈಕಲ್ಯವಿದೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ತಂದೆತಾಯಿಗಳಿಂದ ದೂರ ಮಾಡುವಂತಿಲ್ಲ. ಮಗುವಿನ ಹಿತಕ್ಕೆ ಅಗತ್ಯವೆಂದು ನ್ಯಾಯಾಲಯ ಆದೇಶಿಸಿದರೆ ಮಾತ್ರ ಅದು ಸಾಧ್ಯ.

'ಹಿತ' ಎಂಬ ಪದ ಕಾನೂನಿನ ಪುಸ್ತಕದಲ್ಲಿ ವಿಶಾಲವಾದದ್ದು. ವಿಶೇಷ ಮಗುವಿನ ಮಟ್ಟಿಗೆ ಅದರ ಅರ್ಥ ಬಹುತೇಕ ದಿನಚರಿಯಲ್ಲಿ ಅಡಗಿದೆ. ಫಿಟ್ಸ್ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡುವವರು ಯಾರು? ಸ್ಪೀಚ್ ಥೆರಪಿಗೆ ಕರೆದೊಯ್ಯುವವರು ಯಾರು? ಹೇಳಿಕೊಟ್ಟ ಅಭ್ಯಾಸವನ್ನು ಮನೆಯಲ್ಲಿ ಮಾಡಿಸುವವರು ಯಾರು? ಇವಕ್ಕೆ ಉತ್ತರವಿಲ್ಲದೆ ಸಂಬಳದ ಚೀಟಿ, ಮನೆಯ ವಿಸ್ತೀರ್ಣಗಳನ್ನಷ್ಟೇ ತೋರಿಸಿದರೆ ಸಾಲದು.

ಭೇಟಿಯ ವ್ಯವಸ್ಥೆಗೂ ಇದೇ ಮಾತು. ವಾರಾಂತ್ಯಕ್ಕೊಮ್ಮೆ ಮನೆ ಬದಲಿಸುವುದು ಬೇರೆ ಮಕ್ಕಳಿಗೆ ಒಗ್ಗಬಹುದು. ಹಠಾತ್ ಬದಲಾವಣೆಯಿಂದ ಕಂಗೆಡುವ ಆಟಿಸಂ ಮಗುವಿಗೆ ಅದು ಹಿಂಸೆಯಾಗಬಹುದು. ಮೊದಲು ಪರಿಚಿತ ಸ್ಥಳದಲ್ಲಿ, ನಿಗದಿತ ಸಮಯಕ್ಕೆ, ಸ್ವಲ್ಪ ಹೊತ್ತಿನ ಭೇಟಿ ಇರಲಿ. ಅವಧಿಯನ್ನು ಕ್ರಮೇಣ ಹೆಚ್ಚಿಸಬಹುದು. ಆದರೆ "ಮಗುವಿಗೆ ತೊಂದರೆಯಾಗುತ್ತದೆ" ಎಂಬ ನೆಪದಲ್ಲಿ ಇನ್ನೊಬ್ಬ ಪೋಷಕರನ್ನು ದೂರವಿಡುವುದೂ ಅನ್ಯಾಯವೇ. ಅವರಿಗೂ ಮಗುವಿನ ಆರೈಕೆ ಕಲಿಯುವ ಅವಕಾಶ ಬೇಕು. ಇಂದು ಆರೈಕೆ ಮಾಡುತ್ತಿರುವವರು ನಾಳೆ ಕಾಯಿಲೆ ಬಿದ್ದರೆ ಮಗುವಿಗೆ ಮತ್ತೊಂದು ಆಸರೆ ಇರಬೇಕಲ್ಲವೆ?

1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯಲ್ಲಿ ಇದಕ್ಕೆ ಅನುಕೂಲಗಳಿವೆ. ಮೊದಲು ರಾಜಿಗೆ ಯತ್ನಿಸುವುದು ನ್ಯಾಯಾಲಯದ ಕರ್ತವ್ಯ. ವೈದ್ಯರ, ಸಮಾಜ ಕಲ್ಯಾಣ ತಜ್ಞರ ನೆರವನ್ನು ಅದು ಪಡೆಯಬಹುದು. ಕಕ್ಷಿದಾರರಲ್ಲಿ ಒಬ್ಬರು ಬಯಸಿದರೂ ವಿಚಾರಣೆಯನ್ನು ಮುಚ್ಚಿದ ಬಾಗಿಲೊಳಗೆ ನಡೆಸಬೇಕು. ಬೆಂಗಳೂರಿನಲ್ಲಿ 2007ರಲ್ಲಿ ಮಧ್ಯಸ್ಥಿಕೆ ಕೇಂದ್ರವೂ ಆರಂಭವಾಯಿತು.

ಹದಿನೆಂಟು ತುಂಬಿದ ಮೇಲೆ?

ವಯಸ್ಸು ಹದಿನೆಂಟಾದರೆ ಸುಪರ್ದಿಯ ಪ್ರಶ್ನೆ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. 2025ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬೌದ್ಧಿಕ ನ್ಯೂನತೆಯುಳ್ಳ, ಪ್ರಾಪ್ತ ವಯಸ್ಸಿನ ಯುವಕನೊಬ್ಬನ ಪ್ರಕರಣ ಬಂದಿತ್ತು. ಅವನೊಡನೆ ಮಾತನಾಡಿದ ಹೈಕೋರ್ಟು, ಅವನು ತಂದೆಯ ಬಳಿ ಇಷ್ಟಪಟ್ಟೇ ಇದ್ದಾನೆಂದು ತೀರ್ಮಾನಿಸಿತ್ತು. ಸುಪ್ರೀಂ ಕೋರ್ಟು ಬೆಂಗಳೂರಿನ ನಿಮ್ಹಾನ್ಸ್ ತಜ್ಞರ ವರದಿಯನ್ನು ಪರಿಗಣಿಸಿ, ಇಂಥ ನಿರ್ಧಾರವನ್ನು ಸ್ವತಂತ್ರವಾಗಿ ಕೈಗೊಳ್ಳುವ ಶಕ್ತಿ ಅವನಿಗಿಲ್ಲವೆಂದು ಕಂಡು, ತಾಯಿಗೆ ಒಪ್ಪಿಸಿತು. ತಜ್ಞರ ವರದಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಇದು ನಿದರ್ಶನ.

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಮತ್ತು ಬಹುವಿಧ ಅಂಗವೈಕಲ್ಯ ಉಳ್ಳವರಿಗೆ ಸ್ಥಳೀಯ ಸಮಿತಿಯಿಂದ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಬಹುದು. ದುಡಿದು ಬದುಕಲಾರದ ಇಂಥ ಮಗುವಿಗೆ ಹದಿನೆಂಟು ದಾಟಿದ ಮೇಲೂ ಜೀವನಾಂಶ ಕೇಳಲು ಅವಕಾಶವಿದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ.

ನೀವು ಇಂಥ ಪರಿಸ್ಥಿತಿಯಲ್ಲಿದ್ದರೆ ಅಂಗವೈಕಲ್ಯದ ಪ್ರಮಾಣಪತ್ರ, ಚಿಕಿತ್ಸೆಯ ದಾಖಲೆಗಳು, ಶಾಲೆಯ ವರದಿ, ತಿಂಗಳ ಖರ್ಚಿನ ಲೆಕ್ಕ ಇವನ್ನು ಒಂದೆಡೆ ಜೋಡಿಸಿಡಿ. ಮಗುವಿನ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಗಂಟೆಗಂಟೆಯಾಗಿ ಬರೆಯಿರಿ. ವಕೀಲರ ಶುಲ್ಕಕ್ಕೆ ಹಣವಿಲ್ಲವೆಂದು ಹಿಂಜರಿಯಬೇಡಿ. ಮಹಿಳೆಯರು, ಮಕ್ಕಳು ಮತ್ತು ಅಂಗವಿಕಲರು ತಮ್ಮ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು.

ಆ ದಿನಚರಿಯ ಹಾಳೆಯನ್ನು ತಂದೆತಾಯಿ ಒಟ್ಟಿಗೆ ಕುಳಿತು ಬರೆಯಲು ಸಾಧ್ಯವಾದರೆ, ವ್ಯಾಜ್ಯದ ಅರ್ಧ ಭಾಗ ಅಲ್ಲಿಯೇ ಬಗೆಹರಿಯಬಹುದು.