ನಾಲ್ಕು ವಾದ್ಯ, ಒಬ್ಬನೇ ಮನುಷ್ಯ

ಬೇರೆಯವರ ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಎಳೆಯುವುದು ನನ್ನ ಹೊಟ್ಟೆಪಾಡು. ಮುಂಬೈಯ ಸ್ಟ್ರಕ್ಚರಲ್ ಕನ್ಸಲ್ಟನ್ಸಿಯೊಂದರಲ್ಲಿ 14 ವರ್ಷಗಳಿಂದ ಇದ್ದೇನೆ. ಕಿರಿಯ ಎಂಜಿನಿಯರುಗಳ ಡ್ರಾಯಿಂಗ್ ನನ್ನ ಟೇಬಲ್ಲಿಗೆ ಬರುತ್ತದೆ. ಈ ಬೀಮಿಗೆ ಕಬ್ಬಿಣ ಸಾಲದು, ಈ ಕಾಲಮ್ಮು ಇಲ್ಲಿ ಬೇಡ ಎಂದು ಗುರುತು ಹಾಕಿ ವಾಪಸ್ ಕಳಿಸುತ್ತೇನೆ. ಅವರ ಮುಖ ಬಾಡುತ್ತದೆ. ‘ಕೆಲಸ ಕಲಿಯುವುದೆಂದರೆ ಇದೇನಪ್ಪಾ’ ಎಂದು ದೊಡ್ಡಸ್ತಿಕೆಯಿಂದ ಹೇಳಿ ಚಹಾಕ್ಕೆ ಏಳುತ್ತೇನೆ. ಕಳೆದ ವರ್ಷ ಆ ಬಾಡಿದ ಮುಖ ನನ್ನದಾಯಿತು.

ನಮ್ಮೂರು ಕುಂದಗೋಳದ ಹತ್ತಿರ. ಅಪ್ಪ ಪ್ರೈಮರಿ ಶಾಲೆಯ ಮಾಸ್ತರು, ಸಂಜೆಗೆ ಭಜನೆಯ ಪೇಟಿ ಮಾಸ್ತರು. ಹಾರ್ಮೋನಿಯಂ ಅಂದರೆ ನಮ್ಮ ಕಡೆ ಪೇಟಿಯೇ. ಅವ್ವ ಹಾಡುತ್ತಿದ್ದಳು, ಅಪ್ಪ ನುಡಿಸುತ್ತಿದ್ದರು, ನಾನು ಭಾತೆ ಹಾಕುತ್ತ ಹಾಕುತ್ತ ನಾಲ್ಕು ಅಲಂಕಾರ ಕಲಿತೆ. ಆಮೇಲೆ ಎಂಜಿನಿಯರಿಂಗ್, ಮುಂಬೈ, ಡೊಂಬಿವಲಿಯ ಫ್ಲ್ಯಾಟು, ಲೋಕಲ್ ಟ್ರೇನು. ಮೂರು ವರ್ಷದ ಹಿಂದೆ ಅವ್ವ ಹೋದಳು. ಅಂದಿನಿಂದ ಅಪ್ಪ ಪೇಟಿ ಮುಚ್ಚಿಟ್ಟರು. ನಮ್ಮ ಫೋನೂ ‘ಊಟಾತೇನು?’, ‘ಆತು’ ಎಂಬಲ್ಲಿಗೆ ಬಂದು ನಿಂತಿತು.

ಜಾಝ್ ನನಗೆ ಸಿಕ್ಕಿದ್ದು ಪುಸ್ತಕದಿಂದ. ಗೆಳೆಯನೊಬ್ಬ ನರೇಶ್ ಫರ್ನಾಂಡಿಸ್ ಅವರ ‘ತಾಜ್ ಮಹಲ್ ಫಾಕ್ಸ್‌ಟ್ರಾಟ್’ ಕೊಟ್ಟ. 2012ರಲ್ಲಿ ಬಂದ ಪುಸ್ತಕ. 1930ರ ದಶಕದಲ್ಲಿ ಲಿಯಾನ್ ಅಬ್ಬೆ, ಟೆಡ್ಡಿ ವೆದರ್‌ಫೋರ್ಡ್‌ರಂಥ ಅಮೆರಿಕದ ಕಪ್ಪು ಕಲಾವಿದರು ಇಲ್ಲಿನ ತಾಜ್ ಹೋಟೆಲಿನಲ್ಲಿ ನುಡಿಸಿದ್ದು, ಗೋವಾದ ವಾದಕರು ಅದನ್ನು ತಮ್ಮದಾಗಿಸಿಕೊಂಡದ್ದು, ಅವರೇ ಮುಂದೆ ಹಿಂದಿ ಸಿನಿಮಾದ ಆರ್ಕೆಸ್ಟ್ರಾ ಕಟ್ಟಿದ್ದು ಎಲ್ಲ ಅದರಲ್ಲಿದೆ. 1951ರ ‘ಅಲ್ಬೇಲಾ’ ಚಿತ್ರಕ್ಕೆ ಸಿ. ರಾಮಚಂದ್ರರ ಜೊತೆ ದುಡಿದ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಗೋವಾದವರು, ಅವರ ನಿಜ ಹೆಸರು ಆಂಟೋನಿಯೊ ಕ್ಸೇವಿಯರ್ ವಾಜ್. ಅಂದರೆ ಅಪ್ಪ ಸೈಕಲ್ ಮೇಲೆ ಗುನುಗುತ್ತಿದ್ದ ಹಾಡುಗಳಲ್ಲೂ ಒಂದಿಷ್ಟು ಜಾಝ್ ಇತ್ತು! ಆ ಮಳೆಗಾಲ 61 ಮನೆಯ ಕೀಬೋರ್ಡ್ ತಂದು ಲ್ಯಾಪ್‌ಟಾಪಿಗೆ ಜೋಡಿಸಿದೆ.

ನಾಲ್ಕು ತಿಂಗಳು, ರಾತ್ರಿ ಹತ್ತರ ಮೇಲೆ ಕೂತು ಒಂದು ಟ್ರ್ಯಾಕ್ ಮಾಡಿದೆ. ಪಿಯಾನೊ, ಬೇಸ್, ಡ್ರಮ್ಸ್, ಸ್ಯಾಕ್ಸಫೋನ್. ಜಾಝ್ ಎಂದರೆ ಕಷ್ಟದ ಕಾರ್ಡುಗಳು ಎಂದು ನಂಬಿದ್ದೆ. ಹೀಗಾಗಿ ಮೂರು ಸ್ವರ ಸಾಕಾದ ಕಡೆ ಏಳು ಸ್ವರ ಒತ್ತಿದ್ದೆ. ತಾಳ ತಪ್ಪಿದ ಕಡೆಯೆಲ್ಲ ಕ್ವಾಂಟೈಜ್ ಒತ್ತಿದೆ. ಅದೊಂದು ಗುಂಡಿ, ಹಿಂದುಮುಂದಾದ ಪ್ರತಿ ಸ್ವರವನ್ನೂ ಎಳೆದು ಗೆರೆಯ ಮೇಲೆ ಕೂರಿಸುತ್ತದೆ. ಎಂಜಿನಿಯರನಿಗೆ ಇದಕ್ಕಿಂತ ಸುಖ ಇನ್ನೇನು ಬೇಕು?

ಶಾಲೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. ಹೆಬ್ಬೆರಳುಗಳ ಸುರಿಮಳೆ. ನಾಲ್ಕು ನಿಮಿಷದ ಟ್ರ್ಯಾಕಿಗೆ ಇಪ್ಪತ್ತನೇ ಸೆಕೆಂಡಿಗೇ ‘ಸೂಪರ್ ದೋಸ್ತ’ ಬಂದಿತ್ತು. ಒಂಬತ್ತನೇ ಕ್ಲಾಸಿನ ಮಗಳು ಪೂರ್ತಿ ಕೇಳಿ, ‘ಅಪ್ಪಾ, ಇದು ಮಾಲಿನ ಲಿಫ್ಟಲ್ಲಿ ಬರುತ್ತಲ್ಲ, ಅದೇ ಥರ ಇದೆ’ ಎಂದಳು. ಊರಿಗೂ ಕಳಿಸಿದೆ. ಮರುದಿನ ಅಪ್ಪನ ಫೋನು: ‘ಛಲೋ ಐತಿ. ಆದ್ರ ತಮ್ಮಾ, ಸಮ್ ಎಲ್ಲೈತಿ ಇದರಾಗ? ಕೈ ಎಲ್ಲಿ ತಟ್ಟಬೇಕು ನಾ?’

ಜಾಝಿನಲ್ಲಿ ಸಮ್ ಇರುವುದಿಲ್ಲಪ್ಪ ಎಂದು ಹೇಳಿ ಇಟ್ಟೆ. ಅದು ತಪ್ಪು ಎಂದು ಗೊತ್ತಾಗಲು ಮಾಲಾಡಿನವರೆಗೆ ಹೋಗಬೇಕಾಯಿತು.

ಸಹೋದ್ಯೋಗಿಯೊಬ್ಬನ ಸೋದರಮಾವ ಮಾಲಾಡಿನ ಓರ್ಲೆಮ್‌ನಲ್ಲಿದ್ದಾರೆ. ಹೋಟೆಲ್ ಬ್ಯಾಂಡುಗಳಲ್ಲಿ ಬೇಸ್ ನುಡಿಸಿದ ಹಿರಿಯರು. ಒಂದು ಭಾನುವಾರ ಪೆನ್‌ಡ್ರೈವ್ ಹಿಡಿದು ಹೋದೆ. ಅಂಕಲ್ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಚಹಾ ಸೋಸಿ ಕೊಟ್ಟು, ಬಂಬೈಯ ಹಿಂದಿಯಲ್ಲಿ ಕೇಳಿದರು: ‘ಎಷ್ಟು ಜನ ನುಡಿಸಿದ್ದಾರೆ?’

‘ನಾಲ್ಕು ವಾದ್ಯ, ಅಂಕಲ್.’

‘ವಾದ್ಯ ನಾಲ್ಕು ಕೇಳಿಸಿತು. ಮನುಷ್ಯ ಒಬ್ಬನೇ ಕೇಳಿಸಿದ.’

ಆಮೇಲೆ ಎರಡು ಗಂಟೆ ಕೆಂಪು ಪೆನ್ನು ಅವರ ಕೈಯಲ್ಲಿ. ನನ್ನ ಪಿಯಾನೊದ ಎಡಗೈ ಒತ್ತುವ ಮೂಲಸ್ವರವನ್ನೇ ಬೇಸ್ ಕೂಡ ಒತ್ತುತ್ತಿತ್ತು. ಒಂದೇ ಭಾರಕ್ಕೆ ಎರಡು ಕಾಲಮ್ಮು. ಕೇಳಿದರೆ ಬರೀ ಗೊಜ್ಜು. ‘ಬೇಸಿನವನಿಗೆ ಸಂಬಳ ಕೊಡುತ್ತೀಯ, ಅವನ ಕೆಲಸ ನೀನೇಕೆ ಮಾಡುತ್ತೀ?’ ಎಂದು ಅಂಕಲ್ ಪಿಯಾನೊದ ಏಳು ಸ್ವರಗಳನ್ನು ಎರಡಕ್ಕೆ ಇಳಿಸಿದರು. ಪೇಟಿ ಗೊತ್ತಿರುವವರು ಒಮ್ಮೆ ಒತ್ತಿ ನೋಡಬಹುದು. ಜಾಝಿನಲ್ಲಿ ಮತ್ತೆ ಮತ್ತೆ ಬರುವ ಒಂದು ನಡೆಯಲ್ಲಿ ಮೂರು ಕಾರ್ಡುಗಳಿವೆ: ರೆ ಮ ಧ ಸ, ಆಮೇಲೆ ಪ ನಿ ರೆ ಮ, ಕೊನೆಗೆ ಸ ಗ ಪ ನಿ. ಎಲ್ಲವೂ ಶುದ್ಧ ಸ್ವರಗಳೇ. ಇವುಗಳಿಂದ ಎರಡೆರಡನ್ನೇ ಉಳಿಸಿ: ಮ-ಸ, ಮ-ನಿ, ಗ-ನಿ. ಮೊದಲ ಸಲ ಸ ಅರ್ಧ ಸ್ವರ ಇಳಿದು ನಿ ಆಗುತ್ತದೆ, ಎರಡನೇ ಸಲ ಮ ಅರ್ಧ ಸ್ವರ ಇಳಿದು ಗ ಆಗುತ್ತದೆ. ಪ್ರತಿ ಸಲ ಅಲುಗಾಡುವುದು ಒಂದೇ ಬೆರಳು. ನನ್ನ ಏಳು ಸ್ವರಗಳ ರಾಶಿಯಲ್ಲಿ ಕೇಳದೇ ಹೋಗಿದ್ದ ಇಳಿಜಾರು ಈ ಎರಡು ಸ್ವರಗಳಲ್ಲಿ ನಿಚ್ಚಳವಾಗಿ ಕೇಳಿಸಿತು.

ಇನ್ನು ಸ್ಯಾಕ್ಸಫೋನು. 24 ಬಾರ್ ಒಂದೇ ಸಮನೆ ಊದುತ್ತಿತ್ತು. ‘ಈ ಮನುಷ್ಯ ಹನ್ನೆರಡನೇ ಬಾರಿಗೆ ಸತ್ತುಹೋಗಿದ್ದಾನೆ’ ಎಂದರು ಅಂಕಲ್. ಸಾಫ್ಟ್‌ವೇರಿಗೆ ಶ್ವಾಸಕೋಶ ಇಲ್ಲ, ಅದು ಸರಿ. ಅದನ್ನು ಬರೆದವನಿಗೆ ಇತ್ತಲ್ಲ! ಹಾಡಿ ನೋಡು, ಉಸಿರು ಎಳೆದ ಕಡೆ ಬಿಡು ಎಂದರು. ಅಷ್ಟರಲ್ಲಿ ನಾನು ಕದ್ರಿ ಗೋಪಾಲನಾಥರ ಹೆಸರು ತೆಗೆದೆ. ನಮ್ಮ ಕಡೆಯವರು, ಸ್ಯಾಕ್ಸಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದವರು, 2008ರಲ್ಲಿ ರುದ್ರೇಶ್ ಮಹಂತಪ್ಪ ಅವರ ಜಾಝ್ ಆಲ್ಬಮ್ ‘ಕಿನ್ಸ್‌ಮನ್’ನಲ್ಲೂ ನುಡಿಸಿದ್ದಾರೆ ಎಂದೆಲ್ಲ ಹೇಳಿದೆ. ಟೀಕೆಯಿಂದ ತಪ್ಪಿಸಿಕೊಳ್ಳಲು ಊರಿನ ಹೆಮ್ಮೆ ಬಹಳ ಅನುಕೂಲ. ‘ಕೇಳಿದ್ದೇನೆ. ಅವರು ಉಸಿರಾಡುತ್ತಾರೆ’ ಎಂದರು.

ಕ್ವಾಂಟೈಜ್ ವಿಷಯ ಬಂದಾಗ ಅಂಕಲ್ ಮೇಜಿನ ಮೇಲೆ ಬೆರಳು ಆಡಿಸಿದರು. ಸ್ವಿಂಗ್‌ನಲ್ಲಿ ಒಂದು ಬೀಟನ್ನು ಎರಡು ಮಾಡಿದರೆ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಎಷ್ಟು ಉದ್ದ ಎಂಬುದಕ್ಕೆ ಒಂದೇ ಅಳತೆ ಇಲ್ಲ. ನಿಧಾನಗತಿಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ, ವೇಗ ಏರಿದಂತೆ ಎರಡೂ ಸಮಕ್ಕೆ ಹತ್ತಿರವಾಗುತ್ತವೆ. ಡ್ರಮ್ಮಿನ ಹೈ-ಹ್ಯಾಟ್ ಒಂದು, ಮೂರನ್ನು ಬಿಟ್ಟು ಎರಡು, ನಾಲ್ಕರ ಮೇಲೆ ಬೀಳುತ್ತದೆ. ನಾನು ಎಲ್ಲವನ್ನೂ ಗೆರೆಗೆ ಕೂರಿಸಿ ಆ ಓಲಾಟವನ್ನೇ ಕೊಂದಿದ್ದೆ.

ಹಾಗಾದರೆ ಒಂದು ಎಲ್ಲಿದೆ ಎಂದು ಕೇಳಿದೆ. ಅಪ್ಪನ ಪ್ರಶ್ನೆಯೇ. ನನ್ನ ಟ್ರ್ಯಾಕ್ ಇದ್ದದ್ದು 32 ಬಾರಿನ ಅಚ್ಚಿನಲ್ಲಿ: ಎಂಟು ಬಾರಿನ ಒಂದು ಸಾಲು ಎರಡು ಸಲ, ನಡುವೆ ಎಂಟು ಬಾರಿನ ಬೇರೆ ಸಾಲು, ಮತ್ತೆ ಮೊದಲಿನದು. ಮೈಲ್ಸ್ ಡೇವಿಸರ 1959ರ ‘ಸೋ ವಾಟ್’ ಕೂಡ ಇದೇ ಅಚ್ಚು, ಅದರಲ್ಲಿ ಬೇಸ್ ಮಾತಾಡುತ್ತದೆ, ಉಳಿದವರು ಉತ್ತರ ಕೊಡುತ್ತಾರೆ. ಯಾರು ಎಷ್ಟೇ ದೂರ ಹೋಗಿ ಸುತ್ತಾಡಿದರೂ 32 ಮುಗಿದಾಗ ಎಲ್ಲರೂ ಮೊದಲ ಬಾರಿನ ಒಂದಕ್ಕೆ ಬಂದು ಸೇರಬೇಕು. ಒಬ್ಬ ಒಂದು ಬಾರ್ ತಪ್ಪಿದರೂ ಪಕ್ಕದವರು ತಲೆ ಎತ್ತಿ ನೋಡುತ್ತಾರೆ.

ಆ ಭಾನುವಾರ ವಾಪಸ್ ಬರುವಾಗ ಲೋಕಲ್‌ನಲ್ಲಿ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ನಾಲ್ಕು ತಿಂಗಳ ನಿದ್ದೆ ಕೆಟ್ಟದ್ದು ಆ ಮುದುಕನಿಗೇನು ಗೊತ್ತು ಎಂದು ದಾದರ್‌ವರೆಗೂ ಗೊಣಗಿದೆ. ಘಾಟ್‌ಕೋಪರ್ ದಾಟುವಾಗ ನಮ್ಮ ಆಫೀಸಿನ ಹುಡುಗಿಯೊಬ್ಬಳ ನೆನಪಾಯಿತು. ಕಳೆದ ವಾರವಷ್ಟೇ ಅವಳ ಇಡೀ ಫ್ಲೋರ್ ಪ್ಲ್ಯಾನಿಗೆ ಅಡ್ಡಗೀಟು ಹಾಕಿ, ಕಾರಣ ಬರೆಯದೆ ಕಳಿಸಿದ್ದೆ. ಅಂಕಲ್ ಒಂದು ಗೀಟನ್ನೂ ಕಾರಣ ಹೇಳದೆ ಎಳೆದಿರಲಿಲ್ಲ. ಸೋಮವಾರ ಅವಳನ್ನು ಕೂರಿಸಿಕೊಂಡು ಒಂದೊಂದೇ ವಿವರಿಸಿದೆ. ಎರಡು ಕಡೆ ಅವಳದೇ ಸರಿಯಿತ್ತು.

ಎಲ್ಲರ ಮಾತೂ ಕೇಳಿದೆ ಎಂದಲ್ಲ. ‘ತಬಲಾ ಸೇರಿಸು, ಇಂಡಿಯನ್ ಟಚ್ ಬರುತ್ತದೆ’ ಎಂದ ಒಬ್ಬ. ಸೇರಿಸಿದೆ, ವಿಮಾನ ಕಂಪನಿಯ ಜಾಹೀರಾತಿನಂತೆ ಕೇಳಿಸಿತು, ತೆಗೆದೆ. ಬೆರೆಸುವುದು ಆಗದ ಕೆಲಸವೇನಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ ‘ಜ್ಯೋತಿ’ 1983ರಲ್ಲೇ ಬಂದಿದೆ. ಅಲ್ಲಿ ಆರ್.ಎ. ರಮಾಮಣಿಯವರ ದನಿಯೂ ಸ್ಯಾಕ್ಸಫೋನೂ ಒಂದನ್ನೊಂದು ಕೇಳಿಸಿಕೊಳ್ಳುತ್ತವೆ. ನನ್ನ ತಬಲಾ ಕೂಡ ನಾನೇ ಆಗಿದ್ದೆ, ಐದನೆಯವನು.

ಎರಡನೇ ಕರಡಿನಲ್ಲಿ ಅರ್ಧಕ್ಕರ್ಧ ಸ್ವರ ಅಳಿಸಿದೆ. ಸ್ಯಾಕ್ಸಫೋನಿನ ಭಾಗವನ್ನು ಬಾತ್‌ರೂಮಿನಲ್ಲಿ ಹಾಡಿ, ಉಸಿರು ಕಟ್ಟಿದ ಕಡೆ ಕತ್ತರಿಸಿದೆ. ಊರಿಗೆ ಫೋನ್ ಮಾಡಿ ಅಪ್ಪನಿಗೆ ಸಮ್ ಸಿಕ್ಕಿತು ಎಂದೆ: ನಾಲ್ಕು ಮಾತ್ರೆಯ ಬಾರು, ಅಂಥವು 32, ಒಟ್ಟು 128 ಮಾತ್ರೆಗೊಮ್ಮೆ ಸಮ್. ಆ ಕಡೆ ಬೆರಳೆಣಿಕೆಯ ಮೌನ. ‘ಅಂದ್ರ ತೀನ್‌ತಾಲದ ಎಂಟು ಆವರ್ತನ. ಇಷ್ಟ ಹೇಳಾಕ ಅಷ್ಟು ದೂರ ಹೋಗಿದ್ಯಾ?’ ಎಂದರು. ನಕ್ಕರು. ಆ ನಗು ಕೇಳಿ ಬಹಳ ದಿನವಾಗಿತ್ತು. ಮ-ಸ, ಮ-ನಿ, ಗ-ನಿ ಹೇಳಿದೆ. ‘ತಡಿ, ಬರಕೋತೀನಿ’ ಎಂದರು. ಫೋನ್ ಇಟ್ಟಾಗ 40 ನಿಮಿಷ ಆಗಿತ್ತು. ಊಟದ ವಿಷಯ ಇಬ್ಬರೂ ಕೇಳಿರಲಿಲ್ಲ.

ಹತ್ತು ದಿನದ ನಂತರ ವಾಯ್ಸ್ ಮೆಸೇಜ್ ಬಂತು. ಮೊದಲು ಭಾತೆಯ ಉಸ್ಸೆನ್ನುವ ಗಾಳಿ, ಆಮೇಲೆ ಆ ಮೂರು ಜೋಡಿ ಸ್ವರ, ನಿಧಾನಕ್ಕೆ, ಹಿಂದೆ ಎಲ್ಲೋ ಕುಕ್ಕರ್ ಸೀಟಿ. ನಾಲ್ಕನೇ ಸುತ್ತಿನಲ್ಲಿ ಅಪ್ಪ ನಾನು ಹೇಳದ ಒಂದು ಕೋಮಲ ನಿಷಾದ ಮುಟ್ಟಿ ಬಂದಿದ್ದರು. ಅಂಕಲ್‌ಗೆ ಕೇಳಿಸಿದೆ. ‘ಇವನು ಯಾರು? ಇವನನ್ನು ಬ್ಯಾಂಡಿಗೆ ತಗೋ’ ಎಂದರು.

ಒಂದೇ ತೊಡಕು. ನನ್ನ ಟ್ರ್ಯಾಕಿನ ಷಡ್ಜ ಬಿಳಿ ಒಂದು, ಅಪ್ಪ ನುಡಿಸಿದ್ದು ಅವ್ವನ ಶ್ರುತಿಯಲ್ಲಿ, ಕಾಳಿ ಒಂದು. ಇಡೀ ಟ್ರ್ಯಾಕನ್ನು ಅರ್ಧ ಸ್ವರ ಮೇಲಕ್ಕೆ ಏರಿಸಿದೆ. ಮುಂದಿನ ಭಾನುವಾರ ಬೇಸಿನ ಭಾಗವನ್ನು ಅಂಕಲ್ ತಾವೇ ನುಡಿಸಿ ಕೊಡುತ್ತಾರಂತೆ. ಬೇಸಿನ ನಾಲ್ಕು ಬಿಡಿತಂತಿಗಳಲ್ಲಿ ಒಂದೂ ಆ ಶ್ರುತಿಯ ಶುದ್ಧ ಸ್ವರಗಳಿಗೆ ಸೇರುವುದಿಲ್ಲ, ಎಡಗೈಗೆ ಬಿಡುವೇ ಇರುವುದಿಲ್ಲ ಎಂದು ಈಗಿನಿಂದಲೇ ಬೈಯುತ್ತಿದ್ದಾರೆ.